ಕಂಠ ಒತ್ತಿದರೆ ಸಾಕು

ಕುಮಟೆಯ ವಕೀಲ ಕೃಷ್ಣಾನಂದ ಹೆಗಡೆಯ ರೈಫಲ್ ಒಂದು ಗುಬ್ಬಿಯನ್ನೂ ಕೊಂದದ್ದಲ್ಲ. ಅವನು ಹೊಡೆಯುತ್ತಿದ್ದುದು ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಮಾತ್ರ. ಅದಕ್ಕೇ ತಾಯಿ ಸುಬ್ಬಲಕ್ಷ್ಮಿ ಆ ಕಬ್ಬಿಣವನ್ನು ಮನೆಯೊಳಗೆ ಬಿಟ್ಟುಕೊಂಡಿದ್ದರು. ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಪರದೇಶದ ತೋಟೆ ಬೊಂಬಾಯಿಯಲ್ಲೂ ಸಿಗದಂತಾದಾಗ, ಹಾರಿಸಿದ ತೋಟೆಗಳ ಹಿತ್ತಾಳೆ ಕೊಳವೆಗಳನ್ನೇ ಹೆಕ್ಕಿ ತಂದು, ಅಚ್ಚಿನಲ್ಲಿ ಒತ್ತಿ, ಮತ್ತೆ ಮದ್ದು ತುಂಬುತ್ತಿದ್ದ. ಗುರಿ ಕೂದಲೆಳೆಯಷ್ಟೂ ತಪ್ಪಬಾರದು, ಅಷ್ಟೇ ಅವನ ಹಟ.

ಹೆಂಡತಿ ಸುಮತಿ ಬಂದು ಆರು ತಿಂಗಳಾಗಿರಲಿಲ್ಲ. ನಗು ಜೋರಾಯಿತು, ನಡಿಗೆ ಬಿರುಸಾಯಿತು, ಸಾರಿಗೆ ಬೆಲ್ಲ ಹೆಚ್ಚಾಯಿತು ಎಂದು ತಿದ್ದುವುದರಲ್ಲಿ ಅತ್ತೆಯ ಬಾಯಿಗೆ ಬಿಡುವಿರಲಿಲ್ಲ. ಗಂಡನೋ, ಇದ್ದಬದ್ದ ಮಾತನ್ನೆಲ್ಲ ಕೋರ್ಟಿನಲ್ಲೇ ಖರ್ಚು ಮಾಡಿ ಬರುವವ. ಮೊದಲ ದೀಪಾವಳಿಗೆ ಅವನೊಡನೆ ಹೊನ್ನಾವರದ ತವರಿಗೆ ಹೋಗಬೇಕಿತ್ತಲ್ಲ, ಹೋದವಳು ಇತ್ತ ತಲೆ ಹಾಕುವುದಿಲ್ಲ ಎಂದು ಸುಮತಿ ನಿಶ್ಚಯಿಸಿಬಿಟ್ಟಿದ್ದಳು.

ಹಬ್ಬ ಹತ್ತಿರವಾದಾಗ ಅತ್ತೆ, "ಮನೆಲಿದ್ದ ಹಿತ್ತಾಳೆ ಎಲ್ಲಾ ಬೆಳಗವು. ಒಂದೂ ಬಿಡಲಾಗ" ಎಂದರು.

ಎಲ್ಲಾ ಎಂದರೆ ಎಲ್ಲಾ. ತಂಬಿಗೆ, ದೀಪದ ಕಂಬ ಮುಗಿಸಿದ ಸುಮತಿ ಮಾಳಿಗೆಯ ಎರಡು ಡಬ್ಬಿಗಳಲ್ಲಿದ್ದ ಮಸಿ ಹಿಡಿದ ಕೊಳವೆಗಳನ್ನೂ ತಂದು, ಹುಣಸೆಹುಳಿ ಹಚ್ಚಿ ತಿಕ್ಕಿ, ಒಂದೇ ಹರಿವಾಣದಲ್ಲಿ ಒಣಗಲು ಇಟ್ಟಳು. ದೇವರ ಮುಂದಿಡಬಹುದಾದ ಹೊಳಪು!

ಸಂಜೆ ಬಂದ ಕೃಷ್ಣಾನಂದ ಕೋಟು ಬಿಚ್ಚುವುದನ್ನೂ ಮರೆತು ನಿಂತ.

"ಎರಡೂ ಡಬ್ಬಿದು ಕೂಡಿಸಿಬಿಟ್ಯ?"

"ಎಲ್ಲಾ ಹಿತ್ತಾಳೆ ಹೇಳಿ ಅತ್ತೆ ಹೇಳಿದ್ದು..." ಎಂದ ಸುಮತಿ, ತವರಿಗೆ ಹೋಗಲು ಹಬ್ಬದವರೆಗೆ ಕಾಯಬೇಕಾಗಿಲ್ಲ ಎಂದುಕೊಂಡಳು.

ಅವನು ಬೈಯಲಿಲ್ಲ. "ಬಾ, ಬೇರೆ ಮಾಡನ" ಎಂದು ಹರಿವಾಣ ಎತ್ತಿಕೊಂಡು ಮಾಳಿಗೆ ಹತ್ತಿದ.

ಒಂದು ಡಬ್ಬಿ ಅವನದು, ಇನ್ನೊಂದು ಗೆಳೆಯ ಲಿಂಗಪ್ಪ ತನ್ನ ರೈಫಲ್ಲಿನಲ್ಲಿ ಹಾರಿಸಿ ಕೊಟ್ಟದ್ದು. ತೋಟೆ ಹಾರುವಾಗ ಹಿತ್ತಾಳೆ ಹಿಗ್ಗಿ, ತಾನಿದ್ದ ರೈಫಲ್ಲಿನ ಗೂಡಿನ ಆಕಾರವನ್ನೇ ತಾಳುತ್ತದಂತೆ. ಖಾಲಿ ಕೊಳವೆಯನ್ನು ರೈಫಲ್ಲಿಗಿಟ್ಟು ಅಗುಳಿ ಹಾಕಬೇಕು. ಮೆತ್ತಗೆ ಕೂತರೆ ಅವನದು, ಬಿಗಿದರೆ ಲಿಂಗಪ್ಪನದು. ನಾಲ್ಕಾರು ಆಗುವಷ್ಟರಲ್ಲಿ ಸುಮತಿಯ ಕೈಗೇ ಗೊತ್ತಾಗತೊಡಗಿತು.

"ಲಿಂಗಪ್ಪಂದು ಮೈಯೆಲ್ಲಾ ಒತ್ತವು, ಇಲ್ದಿದ್ರೆ ಇದರೊಳಗೆ ಹೋಗ್ತಿಲ್ಲೆ. ಯನ್ನದಕ್ಕೆ ಕಂಠ ಒತ್ತಿದ್ರೆ ಸಾಕು, ಗುಂಡು ಹಿಡಿದು ನಿಲ್ತು."

"ಎಲ್ಲದಕ್ಕೂ ಮೈ ಒತ್ತಿದ್ರೆ ಎಂತಾಗ್ತು?"

"ಒತ್ತಿ ಒತ್ತಿ ಹಿತ್ತಾಳೆ ಬೇಗ ಸೀಳ್ತು. ಗುರಿನೂ ತಪ್ತು. ಅದು ಹ್ಯಾಂಗಿದ್ದೋ ಹಾಂಗೇ ಬಿಡವು."

"ಇದ್ನ ಅತ್ತೆಗೂ ಒಂದ್ಸಲ ಹೇಳಿ."

ಬಾಯಿ ತಪ್ಪಿ ಬಂದ ಮಾತು. ಕೃಷ್ಣಾನಂದನ ಕೈ ನಿಂತಿತು. ಇಷ್ಟು ದಿನ ತನ್ನ ಮನೆಯಲ್ಲಿ ನಡೆದದ್ದು ವಕೀಲರ ತಲೆಗೆ ಈಗ ಇಳಿದಿರಬೇಕು. ಪಾಪ, ಕಿವಿಯೆಲ್ಲ ಕೆಂಪಾಯಿತು. ಆ ಕಿವಿ ನೋಡಿ ಸುಮತಿಗೆ ತಡೆಯಲಾಗದ ನಗು ಬಂತು.

"ಎಂತದೇ ಆ ನಗೆ? ಬೀದಿಗೆ ಕೇಳ್ತು!" ಕೆಳಗಿನಿಂದ ಅತ್ತೆ ಕೂಗಿದರು.

ಸುಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೃಷ್ಣಾನಂದ ಆ ಕೈಯನ್ನು ಮೆಲ್ಲಗೆ ಸರಿಸಿ, ಮೆಟ್ಟಿಲ ಕಡೆ ಬಗ್ಗಿದ.

"ಕೇಳ್ಲಿ ಬಿಡೆ ಆಯಿ. ಯಂಗೆ ಬೇಕು ಆ ನಗೆ."

ಸುಮತಿಯ ಕಣ್ಣು ತುಂಬಿ ಹರಿವಾಣವೇ ಕಾಣದಾಯಿತು. ಈ ಮನುಷ್ಯನ ಮೇಲೆ ತನಗಿಷ್ಟು ಪ್ರೀತಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ.

"ಹಬ್ಬಕ್ಕೆ ಹೋದ್ರೆ," ಎಂದಳು ಕಣ್ಣೊರೆಸಿಕೊಳ್ಳುತ್ತ, "ಎಷ್ಟು ದಿನಕ್ಕೆ ವಾಪಸ್ ಬಪ್ಪನ?"