ಗೋಡೆ ಮುಗಿಯುವವರೆಗೆ ಊಟವಿಲ್ಲ

ನಮ್ಮ ಮನೆಗೆ ಬಣ್ಣ ಹೊಡೆಯುವ ಪೇಂಟರಣ್ಣನಿಗೆ ಸಕ್ಕರೆ ಕಾಯಿಲೆ ಇರುವುದು ಇಡೀ ಬೀದಿಗೆ ಗೊತ್ತು. ಗೊತ್ತಾಗದೆ ಏನು, ಅವನ ಹೆಂಡತಿಯೇ ಡಂಗುರ ಸಾರಿದ್ದಾಳೆ. ಯಾರಾದರೂ ಟೀಗೆ ನೀರಿಟ್ಟರೆ ಸಾಕು, "ಇವರ ಲೋಟಕ್ಕೆ ಸಕ್ಕರೆ ಹಾಕಿದ್ರೆ ನೋಡಿ ಮತ್ತೆ!" ಎಂದು ಅಡುಗೆಮನೆಗೇ ಬಂದು ಹೇಳಿ ಹೋಗುತ್ತಾಳೆ. ಇಬ್ಬರೂ ಜೊತೆಗೇ ದುಡಿಯುತ್ತಾರೆ. ಬಣ್ಣ ಕಲಸುವುದು, ಗೋಡೆಯ ಕೆಳಗಿನ ಅಂಚು ತೀಡುವುದು ಅವಳ ಕೆಲಸ. ಏಣಿ ಹತ್ತಿ ರೋಲರ್ ಎಳೆಯುವುದು ಅವನದು.

ಅವತ್ತು ನಮ್ಮ ನಡುಮನೆಯ ದೊಡ್ಡ ಗೋಡೆಯ ಸರದಿ. ಬಂದವನೇ ಮಾತ್ರೆ ನುಂಗಿ, ನೀರು ಕುಡಿದು ಏಣಿಗೆ ಕಾಲಿಟ್ಟ.

"ಏನಣ್ಣ, ತಿಂಡಿ ತಿಂದ್ಕೊಂಡು ಶುರು ಮಾಡಬಾರದಾ?" ಎಂದೆ.

"ಆಗಲ್ಲ ಅಕ್ಕ. ಹಸಿ ಬಣ್ಣದ ಅಂಚು ಒಣಗೋ ಮೊದಲೇ ಪಕ್ಕದ ಪಟ್ಟಿ ಎಳೀಬೇಕು. ನಡುವೆ ಕೈ ಬಿಟ್ರೆ ಗೋಡೆ ಮೇಲೆ ಗೆರೆ ಬೀಳುತ್ತೆ. ನಂದು ಯಾವಾಗ್ಲೂ ಗೋಡೆ ಮುಗಿದ ಮೇಲೇ ಊಟ. ಅಲ್ಲದೆ, ಒಂದೊತ್ತು ಬಿಟ್ರೆ ಶುಗರೂ ಇಳಿಯುತ್ತೆ. ಒಳ್ಳೇದೇ ಅಲ್ವಾ?"

"ಸಿಹಿ ಅನ್ನೋದನ್ನ ಕಣ್ಣೆತ್ತಿ ಕೂಡ ನೋಡಲ್ಲ ಇವರು," ಎಂದಳು ಹೆಂಡತಿ. ಅವಳ ಮುಖದ ತುಂಬ ಹೆಮ್ಮೆ.

ಮಧ್ಯಾಹ್ನ ಹತ್ತಿರವಾಗುತ್ತಿದ್ದಂತೆ ಪೇಂಟರಣ್ಣ ಸಿಡುಕತೊಡಗಿದ. ರೋಲರನ್ನು ಕೈಯಲ್ಲೇ ಹಿಡಿದುಕೊಂಡು "ರೋಲರ್ ಎಲ್ಲಿಟ್ಟೆ?" ಎಂದು ಹೆಂಡತಿಗೆ ಬೈದ. ಆಮೇಲೆ ಗೋಡೆ ಬಿಟ್ಟು ಕಿಟಕಿಯ ಗಾಜಿನ ಮೇಲೆ ಬಣ್ಣ ಎಳೆದ. "ಕಿಟಕಿಗೂ ಒಂದು ಕೋಟ್ ಬಣ್ಣಾನಾ ಅಣ್ಣ?" ಎಂದು ನಾನು ನಕ್ಕೆ. ಅವನು ನಗಲಿಲ್ಲ. ನೋಡಿದರೆ ಅಂಗಿ ಬೆವರಲ್ಲಿ ತೊಯ್ದುಹೋಗಿದೆ, ಕೈ ಗಡಗಡ ನಡುಗುತ್ತಿದೆ. ಹೆಂಡತಿ ಓಡಿಬಂದು ಸೊಂಟ ಹಿಡಿದು ಇಳಿಸುವಷ್ಟರಲ್ಲಿ ಕಾಲು ಕುಸಿದು ನೆಲಕ್ಕೆ ಬಿದ್ದ.

ಮೇಲಿನ ಮನೆಯಲ್ಲಿ ಆಸ್ಪತ್ರೆಯ ನರ್ಸಮ್ಮ ಇದ್ದಾರೆ. ಮೆಟ್ಟಿಲ ಬುಡದಲ್ಲಿ ನಿಂತು ಕಿರುಚಿಕೊಂಡೆ. ಅವರು ಶುಗರ್ ನೋಡುವ ಮಿಷನ್ ಹಿಡಿದೇ ಓಡಿಬಂದರು. ಬೆರಳಿಗೆ ಚುಚ್ಚಿ, ಮಿಷನ್ ನೋಡಿದವರೇ, "ಸಕ್ಕರೆ ತನ್ನಿ, ಬೇಗ!" ಎಂದರು.

ನಾನು ಡಬ್ಬಿ ತಂದೆ. ಪೇಂಟರನ ಹೆಂಡತಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ತಲೆ ಕೆಟ್ಟಿದೆಯಾ ನಿಮಗೆ? ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ತಿನ್ಸಿ ಸಾಯಿಸ್ತೀರಾ?"

"ತಂಗಿ, ಇವರಿಗೆ ಶುಗರ್ ಏರಿಲ್ಲ, ಇಳಿದಿದೆ. ಎಪ್ಪತ್ತಕ್ಕಿಂತ ಕೆಳಗೆ ಹೋದ್ರೇ ಅಪಾಯ. ಇಲ್ಲಿ ನಲವತ್ತೆಂಟು ಇದೆ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕೋ ಹಾಗಿಲ್ಲ. ಡಬ್ಬಿ ಕೊಡು!"

"ಕೊಡಲ್ಲ!" ಅವಳು ಡಬ್ಬಿಯನ್ನು ಎದೆಗೆ ಅವಚಿಕೊಂಡು ಗಂಡನ ಮುಂದೆ ಕೂತಳು. "ಏನ್ರೀ, ನೀವಾದ್ರೂ ಹೇಳಿ ಇವರಿಗೆ."

ಅವನು ಅವಳ ಮುಖವನ್ನೇ ದಿಟ್ಟಿಸಿದ. ತೊದಲುತ್ತ ಕೇಳಿದ, "ನೀವು... ಯಾರು?"

ಡಬ್ಬಿ ಅವಳ ಕೈಯಿಂದ ಜಾರಿತು.

ನರ್ಸಮ್ಮ ಅವನನ್ನು ಒರಗಿಸಿ ಕೂರಿಸಿದರು. ನುಂಗಲು ಆಗುತ್ತದೆಯೇ ಎಂದು ನೋಡಿಕೊಂಡು, ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆ ಕಾದು ಮತ್ತೆ ಚುಚ್ಚಿ ನೋಡಿದರು. ಆ ಕಾಲು ಗಂಟೆ ಹೇಗೆ ಕಳೆಯಿತೋ ನಮಗೇ ಗೊತ್ತು. ಮಿಷನ್ ಎಪ್ಪತ್ತು ದಾಟಿತ್ತು. ಪೇಂಟರಣ್ಣ ಕಣ್ಣುಜ್ಜಿಕೊಂಡು, "ಅಯ್ಯೋ, ಗೋಡೆ ಒಣಗಿಹೋಯ್ತಲ್ಲೇ!" ಎಂದ. ಅವಳು ಅಳುತ್ತಲೇ ಅವನ ಭುಜಕ್ಕೆ ಎರಡು ಗುದ್ದಿದಳು.

ನಾನು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದುಕೊಟ್ಟೆ. ಅವನು ತಿನ್ನುತ್ತಿದ್ದಾಗ ನರ್ಸಮ್ಮ ಕೇಳಿದರು, "ಗೋಡೆ ಮುಗಿದ ಮೇಲೆ ದಿನಾ ಏನು ತಿಂತಾರೆ?"

"ಹಸಿದಿರ್ತಾರಲ್ಲ, ತಟ್ಟೆ ತುಂಬ ಅನ್ನ. ಆಮೇಲೆ ದೊಡ್ಡ ಲೋಟದಲ್ಲಿ ಹಣ್ಣಿನ ರಸ. ಸಂಜೆ ಒಂದು ಪ್ಯಾಕೆಟ್ ಉಪ್ಪು ಬಿಸ್ಕತ್ತು. ಸಿಹಿ ಮಾತ್ರ ಇಲ್ಲವೇ ಇಲ್ಲ."

ನರ್ಸಮ್ಮ ಹಣೆ ಹಣೆ ಚಚ್ಚಿಕೊಂಡರು. "ಅನ್ನ, ಬಿಸ್ಕತ್ತು ಹೊಟ್ಟೆಯೊಳಗೆ ಹೋಗಿ ಏನಾಗುತ್ತೆ ಅಂದ್ಕೊಂಡೆ? ಸಕ್ಕರೆನೇ! ರಸ ಅಂತೂ ಇನ್ನೂ ಬೇಗ ಏರಿಸುತ್ತೆ. ಬೆಳಗ್ಗೆ ಪಾತಾಳಕ್ಕೆ ಇಳಿಸ್ತೀರಿ, ಮಧ್ಯಾಹ್ನ ಆಕಾಶಕ್ಕೆ ಏರಿಸ್ತೀರಿ."

ಉಪ್ಪು ಬಿಸ್ಕತ್ತಿನಲ್ಲಿ ಸಕ್ಕರೆ ಅಡಗಿದೆಯೆಂದು ಯಾರು ಕಂಡಿದ್ದರು!

"ಅನ್ನನೂ ಬಿಡು ಅಂದ್ರೆ ಇನ್ನೇನು ಗಾಳಿ ಕುಡೀಲಾ?" ಎಂದ ಪೇಂಟರಣ್ಣ. ಬಾಯಿಗೆ ಜೀವ ಬಂದಿತ್ತು.

"ಬಿಡಿ ಅಂದವರು ಯಾರು? ತಟ್ಟೆಯ ಅರ್ಧ ತರಕಾರಿಗೆ ಬಿಡಿ. ಉಳಿದ ಅರ್ಧದಲ್ಲಿ ಒಂದು ಪಾಲು ಅನ್ನವೋ ರೊಟ್ಟಿಯೋ, ಇನ್ನೊಂದು ಪಾಲು ಬೇಳೆ, ಕಾಳು, ಮೊಟ್ಟೆ, ಮೀನು, ಯಾವುದಾದ್ರೂ ಸರಿ. ಹಣ್ಣನ್ನ ಹಿಂಡಿ ಕುಡೀಬೇಡಿ, ಅಗಿದು ತಿನ್ನಿ, ಅದೂ ಒಂದು ಸಾಕು. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿಗಡಲೆ. ಕೆಲವು ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ರೆ ಹೀಗೇ ಆಗೋದು. ಇವತ್ತೇ ಹೋಗಿ ಡಾಕ್ಟರಿಗೆ ಎಲ್ಲಾ ಹೇಳಿ. ನೀವಾಗೇ ಮಾತ್ರೆ ಮಾತ್ರ ನಿಲ್ಲಿಸಬೇಡಿ."

"ಎಲ್ಲಾ ಸರಿ ಮೇಡಂ. ಗೋಡೆ ಅರ್ಧಕ್ಕೆ ಬಿಟ್ರೆ ಗೆರೆ ಬೀಳುತ್ತಲ್ಲ?"

ಅದಕ್ಕೆ ಉತ್ತರ ಕೊಟ್ಟವಳು ಹೆಂಡತಿ. "ಮೂಲೆ ಯಾಕ್ರೀ ಇರೋದು? ಮೂಲೆಗೆ ಬಂದಾಗ ನಿಲ್ಲಿಸಿ ತಿನ್ನಿ, ಯಾವ ಗೆರೆನೂ ಕಾಣಲ್ಲ. ದೊಡ್ಡ ಗೋಡೆ ಇದ್ರೆ ತಿಂದೇ ಶುರು ಮಾಡಿ. ತಿನ್ನದೆ ಏಣಿ ಹತ್ತಿದ್ರೆ ಏಣಿನೇ ಎಳ್ಕೊಂಡು ಮನೆಗೆ ಹೋಗ್ತೀನಿ!"

ಆಸ್ಪತ್ರೆಗೆ ಹೊರಡುವ ಮುಂಚೆ ಅವಳು ತಲೆ ತಗ್ಗಿಸಿಕೊಂಡು ನನ್ನ ಹತ್ತಿರ ಬಂದಳು. ಒಂದು ಪೊಟ್ಟಣ ಸಕ್ಕರೆ ಕಟ್ಟಿಸಿಕೊಂಡು, ಗಂಡನ ಅಂಗಿಯ ಜೇಬಿಗೆ ತಾನೇ ಹಾಕಿ ಗುಂಡಿ ಹಾಕಿದಳು.

ಅಕ್ಕಂದಿರೇ, ಅಣ್ಣಂದಿರೇ, ಸಕ್ಕರೆ ಕಾಯಿಲೆಗೆ ಉಪವಾಸ ಮದ್ದಲ್ಲ. ಹೊತ್ತಿಗೆ ಸರಿಯಾಗಿ, ಹಿತಮಿತವಾಗಿ ತಿನ್ನಿ. ಬೆವರು, ನಡುಕ, ವಿನಾಕಾರಣ ಸಿಡುಕು, ಮಾತು ತೊದಲುವುದು ಕಂಡರೆ ತಡಮಾಡದೆ ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ನಿಮ್ಮ ಮಾತ್ರೆಯ ಜೊತೆ ಯಾವಾಗ, ಎಷ್ಟು ತಿನ್ನಬೇಕೆಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಅಂದ ಹಾಗೆ, ಬೆಳಗಿನ ಮಾತ್ರೆ ನುಂಗಿ ತಿಂಡಿ ತಿನ್ನದೆ ಇದನ್ನು ಓದುತ್ತ ಕೂತಿದ್ದೀರಾ? ಹಾಗಿದ್ದರೆ ಮೊದಲು ಏಳಿ, ತಟ್ಟೆ ಹಾಕಿಕೊಳ್ಳಿ. ಈ ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ.