ಎರಡನೇ ಕೈ

ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವ ಕೋಣೆಯ ಚಿಲಕ ಹಾಕಿ, ಪರ್ಸಿನಿಂದ ಚಾಕ್‌ಪೀಸಿನ ಚೂರು ತೆಗೆದು, ಕನ್ನಡಿಯ ಮುಂದೆ ನಿಂತು ಅವಳು ಎಡ ಎದೆಯ ಹೊರಬದಿಯಲ್ಲಿ ಪುಟ್ಟದೊಂದು ಸುತ್ತು ಬರೆದುಕೊಂಡಳು. ಬಟಾಣಿ ಕಾಳಿನಷ್ಟಿದ್ದ ಆ ಗಟ್ಟಿ ಗಂಟು ಬೆರಳಿನಡಿಯಲ್ಲಿ ಹಾಗೇ ಇತ್ತು. ಒಂಬತ್ತು ದಿನಗಳಿಂದ ಬೆಳಗಾದರೆ ಇದೇ ಕೆಲಸ. ಹುಡುಕುವುದು, ಸಿಕ್ಕಿದ ಕೂಡಲೇ ಜೀವ ಧಸಕ್ಕೆನ್ನುವುದು, ಸುತ್ತು ಹಾಕುವುದು. ಡಾಕ್ಟರ ಮುಂದೆ ಕೂತಾಗ ಅದು ಸಿಗದೇ ಹೋಗಿ, ಇಷ್ಟಕ್ಕೇ ಬಂದಿರಾ ಎಂದು ಅವರು ನಕ್ಕುಬಿಟ್ಟರೆ ಎಂಬ ಅಂಜಿಕೆ ಅವಳಿಗೆ. ಅವರು ನಗದೇ ಹೋದರೆ ಎಂಬ ಅಂಜಿಕೆ ಅದಕ್ಕಿಂತ ದೊಡ್ಡದು.

ಬಟ್ಟೆ ಗಿರಣಿಯಲ್ಲಿ ತಪಾಸಣೆಯ ಕೆಲಸ ಅವಳದು. ಇಪ್ಪತ್ತೊಂದು ವರ್ಷವಾಯಿತು, ಅಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಅವಳು ಬೆರಳಮ್ಮ. ಮೇಜಿನ ಮೇಲೆ ಬಟ್ಟೆ ಸರಿದುಹೋಗುವಾಗ ಕಣ್ಣಿಗೆ ಬೀಳದ ದೋಷ ಅವಳ ಮೂರು ಬೆರಳಿಗೆ ಸಿಗುತ್ತಿತ್ತು. ಆ ಕೆಲಸಕ್ಕೆ ಎರಡೇ ನಿಯಮ. ದೋಷ ಸಿಕ್ಕರೆ ಬೆರಳು ಎತ್ತುವ ಮೊದಲೇ ಚಾಕ್‌ಪೀಸಿನಲ್ಲಿ ಸುತ್ತು ಹಾಕಬೇಕು, ಎತ್ತಿದರೆ ಮತ್ತೆ ಸಿಗುವುದು ಕಷ್ಟ. ಆಮೇಲೆ ಎದುರು ಮೇಜಿನವರು ಅದನ್ನು ಮುಟ್ಟಿ ಹೌದು ಎನ್ನುವ ತನಕ ಆ ಗುರುತು ಅಳಿಸುವ ಹಾಗಿಲ್ಲ. ಅದಕ್ಕೆ ಎರಡನೇ ಕೈ ಎನ್ನುತ್ತಿದ್ದರು.

ಅವಳ ಎರಡನೇ ಕೈ ಎಂದರೆ ಎದುರು ಮೇಜಿನ ಅಕ್ಕ. ಅವಳಿಗಿಂತ ಎಂಟು ವರ್ಷ ದೊಡ್ಡವಳು, ಬಾಯಿ ಸ್ವಲ್ಪ ಜೋರು. ಎರಡು ವರ್ಷದ ಹಿಂದೆ ಗಿರಣಿಗೆ ಬಂದ ನರ್ಸೊಬ್ಬರು, ತಿಂಗಳಿಗೊಮ್ಮೆ ಮೂರು ಬೆರಳಿನಿಂದ ಎದೆಯನ್ನು ಸುತ್ತಲೂ ಒತ್ತಿ ನೋಡಿಕೊಳ್ಳಬೇಕು, ಕಂಕುಳನ್ನೂ ಬಿಡಬಾರದು, ಅಷ್ಟಕ್ಕೇ ನಿಲ್ಲಿಸದೆ ಡಾಕ್ಟರು ಹೇಳಿದಾಗ ಮ್ಯಾಮೊಗ್ರಾಮ್ ಎಂಬ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳಬೇಕು ಎಂದು ಹೇಳಿಕೊಟ್ಟಿದ್ದರು. ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಗ, ಇನ್ನು ಮನೆಯಲ್ಲೂ ಓವರ್‌ಟೈಮ್ ಶುರುವಾಯಿತು ಎಂದು ಅಕ್ಕ ಗಟ್ಟಿಯಾಗಿಯೇ ಹೇಳಿದ್ದಳು. ಬೆರಳಮ್ಮನೂ ನಕ್ಕಿದ್ದಳು. ಆದರೆ ಮಾಡುತ್ತಾ ಬಂದಳು, ಪಾಳಿ ಬದಲಾಗುವ ದಿನ, ತಿಂಗಳು ತಪ್ಪದೆ. ಎಕ್ಸ್‌ರೇ ಮಾತ್ರ ಇಂದು ನಾಳೆ ಎನ್ನುತ್ತಾ ಉಳಿದುಹೋಗಿತ್ತು.

ಏಳು ತಿಂಗಳ ಹಿಂದೆ ಅಕ್ಕ ನಿವೃತ್ತಳಾಗಿ ದೂರದ ಊರಿನ ಮಗಳ ಮನೆ ಸೇರಿದಳು. ಎದುರು ಮೇಜಿಗೆ ಯಾರನ್ನೂ ಹಾಕಲಿಲ್ಲ. ಮೇಲ್ವಿಚಾರಕ ಬಂದು, ಮುಟ್ಟದೆಯೇ ಸರಿ ಸರಿ ಎಂದು ಹೋಗುತ್ತಿದ್ದ. ಇನ್ನು ಮನೆಯಲ್ಲಿ, ಇಲ್ಲೊಂದು ಸ್ವಲ್ಪ ಮುಟ್ಟಿ ನೋಡು, ನನಗಷ್ಟೇ ಹೀಗನ್ನಿಸುತ್ತಿದೆಯಾ ಎಂದು ಕೇಳುವುದಕ್ಕೆ ಯಾರಿದ್ದರು? ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅವಳ ಮೈಯನ್ನು ಅವಳ ಕೈ ಬಿಟ್ಟು ಇನ್ನೊಂದು ಕೈ ಮುಟ್ಟಿರಲಿಲ್ಲ.

ಎಕ್ಸ್‌ರೇ ತೆಗೆಯುವ ಹುಡುಗಿ ಮೊದಲೇ ಕೇಳಿದ್ದಳು, ಪೌಡರು, ಸೆಂಟು ಏನಾದರೂ ಹಾಕಿದ್ದೀರಾ ಎಂದು. ಇಲ್ಲ ಎಂದಿದ್ದಳು. ಸುಳ್ಳೇನಲ್ಲ, ಅವಳ ಪ್ರಕಾರ ಚಾಕ್‌ಪೀಸು ಕೆಲಸದ ಸಾಮಾನು, ಪೌಡರಲ್ಲ. ತಣ್ಣಗಿನ ಹಲಗೆಯ ಮೇಲೆ ಎದೆಯಿಟ್ಟು, ಮೇಲಿನಿಂದ ಇನ್ನೊಂದು ಹಲಗೆ ಒತ್ತಿದಾಗ, ಉಸಿರು ಹಿಡಿದು ಗೋಡೆ ನೋಡುತ್ತಾ ನಿಂತಳು. ನೋವಾಯಿತು, ಆದರೆ ತಡೆಯಲಾರದಷ್ಟಲ್ಲ.

ಹುಡುಗಿ ಪರದೆಯ ಮುಂದೆ ಹೋದವಳು ಬೇಗ ಬರಲಿಲ್ಲ. ಬಂದಾಗ ಅವಳ ಮುಖ ಪೆಚ್ಚಾಗಿತ್ತು. ಚಿತ್ರದ ತುಂಬ ಬಿಳಿ ಚುಕ್ಕಿಗಳು ಬಂದಿವೆ, ಡಾಕ್ಟರನ್ನು ಕರೆದಿದ್ದೇನೆ ಎಂದಳು. ಬೆರಳಮ್ಮ ಪರದೆಯತ್ತ ತಿರುಗಿದಳು. ತಾನು ಹುಡುಕಿದ್ದು ಒಂದನ್ನು, ಅಲ್ಲಿ ಇಷ್ಟೊಂದಿವೆಯೇ? ಗೌನನ್ನು ಬಿಗಿಯಾಗಿ ಹಿಡಿದು ಸ್ಟೂಲಿನ ಮೇಲೆ ಕೂತಳು. ನಾನು ಸತ್ತರೆ ಮನೆಯ ಬೀಗ ತೆಗೆಯುವವರು ಯಾರು ಎಂಬ ಯೋಚನೆ ಬಂತು. ಅಳು ಬರಲಿಲ್ಲ.

ಡಾಕ್ಟರಮ್ಮ ಬಂದು ಚಿತ್ರ ನೋಡಿದರು, ಅವಳ ಎದೆ ನೋಡಿದರು, ಬೆರಳ ತುದಿಯಿಂದ ಸವರಿ ಆ ಬಿಳಿಯನ್ನು ಬೆಳಕಿಗೆ ಹಿಡಿದರು.

"ಏನಿದು?"

"ಚಾಕ್‌ಪೀಸು, ಡಾಕ್ಟ್ರೇ. ಗುರುತಿಗೆ ಹಾಕ್ಕೊಂಡೆ. ನಿಮಗೆ ಸಿಗದೇ ಹೋದ್ರೆ ಅಂತ."

ಹುಡುಗಿ ನಗು ತಡೆಯಲಾರದೆ ಆಚೆ ತಿರುಗಿದಳು. ಡಾಕ್ಟರು ನಗಲಿಲ್ಲ. ಪುಡಿಯೆಲ್ಲ ಚಿತ್ರದಲ್ಲಿ ಚುಕ್ಕಿಯಾಗಿ ಕಂಡಿದೆ ಎಂದು ವಿವರಿಸಿ, ಒದ್ದೆ ಬಟ್ಟೆಯಿಂದ ತಾವೇ ಒರೆಸಿದರು. ಆಮೇಲೆ ಅದೇ ಜಾಗದಲ್ಲಿ ಮೂರು ಬೆರಳಿಟ್ಟು, ಕಣ್ಣು ಬೇರೆಲ್ಲೋ ನೆಟ್ಟು, ನಿಧಾನವಾಗಿ ಸುತ್ತಿದರು. ಕೆಲಸ ಬಲ್ಲವರ ಕೈ ಎಂದು ಬೆರಳಮ್ಮನಿಗೆ ತಕ್ಷಣ ಗೊತ್ತಾಯಿತು.

"ಹೌದು. ಇದೆ."

ಆ ಮಾತಿಗೆ ಹೆದರಬೇಕಿತ್ತು, ಹೆದರಿದಳು ಕೂಡ. ಆದರೆ ಒಂಬತ್ತು ದಿನದಿಂದ ಒಬ್ಬಳೇ ಹೊತ್ತದ್ದರ ಇನ್ನೊಂದು ತುದಿಯನ್ನು ಯಾರೋ ಎತ್ತಿ ಹಿಡಿದ ಹಾಗೂ ಆಯಿತು. ಆಗ ಕಣ್ಣಲ್ಲಿ ನೀರು ಬಂತು.

ಎರಡನೇ ಸಲ ತೆಗೆದ ಚಿತ್ರದಲ್ಲಿ ಚುಕ್ಕಿಗಳು ಒಂದೂ ಇರಲಿಲ್ಲ. ಬಟಾಣಿಯಷ್ಟರ ಮಸುಕು ಮಾತ್ರ ಉಳಿದಿತ್ತು. ಸ್ಕ್ಯಾನ್ ಮಾಡುವವರಿಗೆ ತಿಳಿಯಲೆಂದು ಡಾಕ್ಟರು ನೇರಳೆ ಪೆನ್ನಿನಿಂದ ಆ ಜಾಗದಲ್ಲಿ ಸುತ್ತು ಹಾಕಿದರು. ನಾವೂ ಗುರುತು ಹಾಕುತ್ತೇವೆ, ಚಾಕ್‌ಪೀಸಿನಲ್ಲಲ್ಲ ಅಷ್ಟೇ ಎಂದರು. ಸ್ಕ್ಯಾನ್ ಮುಗಿದ ಮೇಲೆ, ಸೂಜಿ ಹಾಕಿ ಚೂರು ತೆಗೆದು ನೋಡದೆ ಏನನ್ನೂ ಹೇಳುವಂತಿಲ್ಲ, ಎಷ್ಟೋ ಸಲ ಏನೂ ಇರುವುದಿಲ್ಲ, ಇದ್ದರೂ ಸಣ್ಣದಿರುವಾಗಲೇ ಹಿಡಿದಿದ್ದೀರಿ, ನಾಡಿದ್ದು ಬನ್ನಿ ಎಂದರು. ಜೊತೆಗೆ ಒಬ್ಬರಿರಲಿ ಎಂದಾಗ ಅವಳು, ಇದ್ದಾರೆ, ಬರುತ್ತಾರೆ ಎಂದಳು. ಬೆಳಿಗ್ಗೆ ಆಸ್ಪತ್ರೆಯ ಫಾರಮಿನಲ್ಲಿ ಜೊತೆಗಿರುವವರ ಹೆಸರು ಬರೆಯುವ ಜಾಗದಲ್ಲಿ ಬರೀ ಗೆರೆ ಎಳೆದಿದ್ದಳು.

ಸಂಜೆ ಮನೆಗೆ ಬಂದು, ದೀಪವನ್ನೂ ಹಾಕದೆ, ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಮಂಡಿನೋವು, ಅಳಿಯನ ಗೊರಕೆ, ಲಿಫ್ಟಿಲ್ಲದ ನಾಲ್ಕನೇ ಮಹಡಿ ಎಲ್ಲ ಹೇಳಿಕೊಂಡಳು. ಇವಳು ಹ್ಞೂಂಗುಟ್ಟಿದಳು. ಕೊನೆಗೆ ಅಕ್ಕ ಉಸಿರು ತೆಗೆದುಕೊಳ್ಳಲು ನಿಂತಾಗ ಇವಳು ಹೇಳಿದಳು.

"ಒಂದು ಸಿಕ್ಕಿದೆ ಅಕ್ಕಾ. ಬಟ್ಟೇಲಲ್ಲ. ನನ್ನ ಎದೇಲಿ."

ಅತ್ತ ಕುರ್ಚಿ ಎಳೆದ ಸದ್ದು ಕೇಳಿಸಿತು. ಡಾಕ್ಟರು ಏನಂದರು ಎಂದು ಅಕ್ಕ ಕೇಳಲಿಲ್ಲ.

"ಗುರುತು ಹಾಕಿದೆಯಾ?"

"ಹಾಕಿದ್ದೆ. ಅಳಿಸಿದ್ರು. ಈಗ ಅವರೇ ಪೆನ್ನಲ್ಲಿ ಹಾಕಿದಾರೆ."

"ಹಾಗಾದ್ರೆ ಅಳಿಸ್ಬೇಡ. ನಾಳೆ ಸಂಜೆ ಬಸ್ಸಿಗೆ ಬರ್ತೀನಿ. ನಾನು ಮುಟ್ಟಿ ನೋಡೋ ತನಕ ಹಾಗೇ ಇರ್ಲಿ."

ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಕೂತಾಗ ಅವಳು ಒಂದೊಂದೇ ಮಗ್ ನೀರನ್ನು ಬಲಭುಜದ ಮೇಲೆ ಸುರಿದುಕೊಂಡಳು. ಎಡಗೈಯನ್ನು ಎದೆಯ ಪಕ್ಕದಿಂದ ತೆಗೆಯಲೇ ಇಲ್ಲ. ಅಂಗೈ ಕೆಳಗೆ ನೇರಳೆ ಸುತ್ತು ಒಣಗಿಯೇ ಇತ್ತು.