ಹಣ ಮೊದಲು, ಕಾರ್ಡು ಆಮೇಲೆ

ಮೆಕ್ಸಿಕೊದ ಮಸಾಟ್ಲಾನಿನ ಸಮುದ್ರದಂಡೆಯ ಆ ಟ್ರೇಲರ್ ಮನೆಗಳ ಬಿಡಾರದಲ್ಲಿ ವೆರ್ನಾಳ ಮಾತೆಂದರೆ ಮಾತು. ಸಸ್ಕಾಚೆವಾನಿನ ಚಳಿ ತಾಳಲಾರದೆ ಬಂದಿಳಿಯುವ ಕೆನಡಾದ ಮುದುಕ ಮುದುಕಿಯರನ್ನು ಎಟಿಎಮ್ಮಿಗೆ ಕರೆದೊಯ್ಯುವ ಪಾರುಪತ್ಯ ಎಷ್ಟೋ ವರ್ಷಗಳಿಂದ ಅವಳದೇ. ಯಾರಾದರೂ ನೋಟು ಕೈಗೆ ಬಂದೊಡನೆ ಹೊರಟುಬಿಟ್ಟರೆ ‘ಕಾರ್ಡು, ಕಾರ್ಡು’ ಎಂದು ಹಿಂದಿನಿಂದ ಗದರುವವಳೂ ಅವಳೇ. ಗಂಡ ಓರೆಸ್ಟ್ ಅದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಈ ವರ್ಷ ಬಂದಳಲ್ಲ ಗ್ವೆನ್, ಕೆನಡಾದ ಹ್ಯಾಲಿಫ್ಯಾಕ್ಸಿನ ವಿಧವೆ! ಬಂದ ವಾರದಲ್ಲೇ, ಎಲ್ಲರೂ ಮೀನಿನ ಟ್ಯಾಕೊ ತಿನ್ನುತ್ತ ಕೂತಿದ್ದಾಗ ಶುರುಮಾಡಿದಳು. ಯಂತ್ರ ‘ನಿಮ್ಮ ಡಾಲರಿನಲ್ಲೇ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಅನ್ನಬೇಕಂತೆ, ಇಲ್ಲಿನ ಹಣ ಪೆಸೊದಲ್ಲೇ ಇರಲಿ ಅನ್ನಬೇಕಂತೆ, ಹೂಂ ಅಂದರೆ ಯಂತ್ರದ ಬ್ಯಾಂಕಿನವರು ಹೇಳಿದ ದುಬಾರಿ ದರವೇ ಗತಿಯಂತೆ. ವೆರ್ನಾ ಇಷ್ಟು ಕಾಲ ಎಲ್ಲರಿಗೂ ಹೇಳಿಕೊಟ್ಟಿದ್ದು ಹೂಂ ಅನ್ನಿ ಎಂದೇ. ಯಾರೂ ಅವಳ ಮುಖ ನೋಡಲಿಲ್ಲ. ಓರೆಸ್ಟ್ ಮಾತ್ರ ಹೊಟ್ಟೆ ಹಿಡಿದು ನಕ್ಕ.

“ಇಷ್ಟು ವರ್ಷ ಬ್ಯಾಂಕಿನೋರನ್ನ ಸಾಕಿದ್ದು ನೀನೇ ಅನ್ನು ವೆರ್ನಾ,” ಅಂದ.

ನಗಲಿ ಬಿಡಿ, ನಕ್ಕವನು ಅಲ್ಲಿಗೆ ಸುಮ್ಮನಾಗಬೇಡವೇ? ಮರುದಿನ ಗ್ವೆನ್ನಳ ಟ್ರೇಲರಿನ ಮುಂದೆ ನೆರಳಿಗೆ ಬಟ್ಟೆ ಕಟ್ಟಿಕೊಟ್ಟ. ಅದರ ಮರುದಿನ ಅವಳ ಗ್ಯಾಸ್ ಸಿಲಿಂಡರ್ ಹೊತ್ತ. ತನ್ನ ಟ್ರೇಲರಿನ ಮೆಟ್ಟಿಲು ಅಲುಗಾಡಿ ತಿಂಗಳಾದರೂ ಮುಟ್ಟದವನು! ಬಿಡಾರದವರೂ ಈಗ ಕಾರ್ಡಿನ ಮಾತು ಬಂದರೆ ಗ್ವೆನ್ನಳ ಬಾಗಿಲಿಗೇ ಹೋಗುತ್ತಿದ್ದರು.

ಒಂದು ಮಂಗಳವಾರ ಸೂಪರ್ ಮಾರ್ಕೆಟ್ಟಿನ ಯಂತ್ರದಲ್ಲಿ ಹಣ ಇರಲಿಲ್ಲ. ಗ್ವೆನ್, ಓರೆಸ್ಟ್, ವೆರ್ನಾ ಮೂವರೂ ಊರ ಚೌಕದ ಹಳೆಯ ಯಂತ್ರಕ್ಕೆ ಹೋದರು. ಓರೆಸ್ಟ್ ಸಿಗಡಿ ಕೊಳ್ಳಲು ಎದುರಿನ ಅಂಗಡಿಗೆ ದಾಟಿದ. ಕೆನಡಾದ ಯಂತ್ರಗಳು ಮೊದಲು ಕಾರ್ಡು ಹೊರಗೆ ಹಾಕಿ ಆಮೇಲೆ ಹಣ ಕೊಡುತ್ತವೆ. ಇದು ಹಾಗಲ್ಲ. ಹಣ ಮೊದಲು, ಆಮೇಲೆ ‘ಇನ್ನೇನಾದರೂ ಬೇಕೇ’ ಎಂಬ ಪ್ರಶ್ನೆ, ಬೇಡ ಅಂದರಷ್ಟೇ ಕಾರ್ಡು. ಗ್ವೆನ್ ನೋಟುಗಳನ್ನು ಪರ್ಸಿಗೆ ತುರುಕಿ, ಓರೆಸ್ಟನ ಹೆಸರು ಕೂಗುತ್ತ ರಸ್ತೆಗಿಳಿದಳು.

ವೆರ್ನಾಳ ಬಾಯಿಯವರೆಗೆ ‘ಕಾರ್ಡು’ ಎಂಬ ಮಾತು ಬಂತು. ಎದುರಿಗೆ ಓರೆಸ್ಟ್ ಸಿಗಡಿಯ ಪೊಟ್ಟಣ ಎತ್ತಿ ಗ್ವೆನ್ನಳಿಗೆ ತೋರಿಸಿ ನಗುತ್ತಿದ್ದ. ಅನುಭವಿಸಲಿ, ದೊಡ್ಡ ಬುದ್ಧಿವಂತೆ ತಾನೇ, ಅಂದುಕೊಂಡಳು. ಯಂತ್ರ ಕಾದು ಕಾದು ಕಾರ್ಡನ್ನು ಒಳಗೆಳೆದುಕೊಂಡಿತು.

ಸಂಜೆ ಗ್ವೆನ್ ಅತ್ತುಕೊಂಡು ಬಂದಳು. ಯಂತ್ರ ನುಂಗಿದ ಕಾರ್ಡನ್ನು ಇಲ್ಲಿನ ಬ್ಯಾಂಕು ಮರಳಿಸುವುದಿಲ್ಲವಂತೆ, ಹೊಸ ಕಾರ್ಡನ್ನು ಅವಳ ಬ್ಯಾಂಕು ಹ್ಯಾಲಿಫ್ಯಾಕ್ಸಿನ ಮನೆಗಷ್ಟೇ ಕಳಿಸುತ್ತದಂತೆ, ಮೆಕ್ಸಿಕೊಗೆ ಇಲ್ಲವಂತೆ. ವೆರ್ನಾ ಬಾಯಿ ತೆರೆಯುವ ಮೊದಲೇ ಓರೆಸ್ಟ್ ಮಾತು ಕೊಟ್ಟಾಗಿತ್ತು: ಎಲ್ಲರೂ ಊರಿಗೆ ಮರಳುವ ಏಪ್ರಿಲ್‌ವರೆಗೂ ವಾರ ವಾರ ತನ್ನ ಕಾರ್ಡಿನಲ್ಲೇ ತೆಗೆದುಕೊಡುವುದು, ಅವಳು ಫೋನಿನಿಂದ ಅಷ್ಟು ಹಣ ಓರೆಸ್ಟನ ಖಾತೆಗೆ ಹಾಕುವುದು. ಏಪ್ರಿಲ್‌ವರೆಗೆ! ತೊಲಗಲಿ ಅಂದುಕೊಂಡವಳನ್ನು ವೆರ್ನಾ ತಾನೇ ತಂದು ಗಂಡನ ಕೈಗೆ ಕೊಟ್ಟಂತಾಯಿತು.

ಗ್ವೆನ್ ಹೋದ ಮೇಲೆ ಓರೆಸ್ಟ್ ತಟ್ಟೆ ಒರೆಸುತ್ತ ನಿಂತ.

“ನೀನು ಅವಳ ಹಿಂದೇನೇ ಇದ್ದೆ,” ಅಂದ.

“ನಾನು ನೋಡ್ಲಿಲ್ಲ.”

“ಯಾರ ಕಾರ್ಡು ಒಳಗೆ ಉಳಿದ್ರೂ ನಿನ್ನ ಕಣ್ಣು ತಪ್ಪಿದ್ದಿಲ್ಲ ಕಣೆ.”

ವೆರ್ನಾ ನಲ್ಲಿ ನಿಲ್ಲಿಸಿದಳು. “ಹೌದು, ನೋಡ್ದೆ. ಅವಳು ಬಂದಾಗಿಂದ ನಿನ್ನ ಕಣ್ಣಿಗೆ ನಾನು ಬೀಳ್ತಾನೇ ಇಲ್ಲ. ನನಗೆ ಸಂಕಟ ಆಗಲ್ವಾ?”

ಅವನು ಒರೆಸಿದ ತಟ್ಟೆಯನ್ನು ಕಪಾಟಿನಲ್ಲಿಟ್ಟ.

“ಪಾಪ, ಒಂಟಿ ಹೆಂಗಸು ಅಂತ ಮಾಡ್ದೆ, ಅಷ್ಟೇ,” ಅಂದ. “ಮಂಗಳವಾರ ಹಣ ತೆಗೆಯೋಕೆ ನೀನು ಬರೋದು ಬೇಡ. ನಾವಿಬ್ರೇ ಹೋಗಿ ಬರ್ತೀವಿ.”

ಮದುವೆಯಾದ ದಿನದಿಂದ ‘ನಾವಿಬ್ಬರು’ ಎಂದು ಅವನು ಅಂದಿದ್ದೆಲ್ಲ ವೆರ್ನಾಳನ್ನು ಸೇರಿಸಿಕೊಂಡೇ ಆಗಿತ್ತು.